ಗುಲಾಬಿ ಕಡ್ಡಿಗಳ ಗುರುತು ಹಿಡಿದದ್ದು ಹೀಗೆ

ಮಡಿಕೇರಿಯ ಒಂದು ಲ್ಯಾಬಿನಲ್ಲಿ ನಾನು ಟೆಕ್ನೀಶಿಯನ್. ಓದುವಾಗ ಗ್ರಾಂ ನೆಗೆಟಿವ್, ಅಂದರೆ ಗ್ರಾಂ ಎಂಬ ಬಣ್ಣದ ಪರೀಕ್ಷೆಯಲ್ಲಿ ಗುಲಾಬಿಯಾಗುವ, ಬ್ಯಾಕ್ಟೀರಿಯಾಗಳ ಪಟ್ಟಿ ಬಾಯಿಪಾಠ ಮಾಡಿದ್ದೆ. ಇ. ಕೋಲಿಯಿಂದ ಮೂತ್ರದ ಸೋಂಕು, ಸಾಲ್ಮೊನೆಲ್ಲಾ ಟೈಫಿಯಿಂದ ಟೈಫಾಯ್ಡ್, ಶಿಗೆಲ್ಲಾದಿಂದ ರಕ್ತಭೇದಿ. ಕೆಲಸಕ್ಕೆ ಸೇರಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಎಲ್ಲವೂ ಒಂದೇ ಥರದ ಗುಲಾಬಿ ಕಡ್ಡಿಗಳು.

ಮೊದಲು ಎಡವಿದ್ದು ಬಣ್ಣ ಹಾಕುವಾಗಲೇ. 1884ರಲ್ಲಿ ಹಾನ್ಸ್ ಕ್ರಿಶ್ಚಿಯನ್ ಗ್ರಾಂ ಪ್ರಕಟಿಸಿದ ವಿಧಾನವೇ ಇಂದಿಗೂ ನಮ್ಮ ಮೊದಲ ಹೆಜ್ಜೆ. ಈಗ ನಾವು ಬಳಸುವುದು ನೇರಳೆ ಬಣ್ಣದ ಕ್ರಿಸ್ಟಲ್ ವಯೊಲೆಟ್, ಅಯೋಡಿನ್, ಬಣ್ಣ ತೊಳೆಯಲು ಅಸಿಟೋನ್. ಕೊನೆಗೆ ಹಾಕುವ ಗುಲಾಬಿ ಬಣ್ಣದ ಸಫ್ರಾನಿನ್ ಗ್ರಾಂ ನಂತರ ಸೇರಿದ್ದು. ಗ್ರಾಂ ನೆಗೆಟಿವ್‌ಗಳ ಗೋಡೆ ತೆಳು, ಅದರ ಹೊರಗೊಂದು ಕೊಬ್ಬಿನ ಪದರ. ಅಸಿಟೋನ್ ತಾಗಿದರೆ ನೇರಳೆ ತೊಳೆದುಹೋಗಿ, ಸಫ್ರಾನಿನ್‌ನ ಗುಲಾಬಿ ಹಿಡಿಯುತ್ತದೆ. ಇದಕ್ಕೆ ಎರಡು ಮೂರು ಸೆಕೆಂಡ್ ಸಾಕು. ನಾನು ಎಣಿಸದೆ ಸುರಿಯುತ್ತಿದ್ದೆ. ಒಂದು ದಿನ ನೇರಳೆ ಇರಬೇಕಾದ ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಾ ಕೂಡ ಗುಲಾಬಿಯಾಗಿ ಕಂಡಿತು! ಅವತ್ತಿನಿಂದ ಸ್ಲೈಡಿನ ಒಂದು ಮೂಲೆಯಲ್ಲಿ ಸ್ಟೆಫೈಲೊಕಾಕಸ್, ಇನ್ನೊಂದರಲ್ಲಿ ಇ. ಕೋಲಿ ಹೋಲಿಕೆಗೆ ಇಟ್ಟೇ ಬಣ್ಣ ಹಾಕುತ್ತೇನೆ. ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಸ್ಮಿಯರ್, ಅಂದರೆ ಸ್ಲೈಡಿಗೆ ತೆಳುವಾಗಿ ಸವರಿದ ಮಾದರಿ, ಬೇಗ ಒಣಗುವುದಿಲ್ಲ. ಅವಸರಪಟ್ಟು ಬೆಂಕಿಗೆ ಹಿಡಿದರೆ ಆಕಾರವೇ ಕೆಡುತ್ತದೆ. ಇನ್‌ಕ್ಯುಬೇಟರ್ ಮೇಲಿಟ್ಟು ಸುಮ್ನೆ ಕಾಯಬೇಕು.

ಆಮೇಲೆ ಬ್ಯಾಕ್ಟೀರಿಯಾ ಬೆಳೆಸುವ ಮ್ಯಾಕ್‌ಕಾಂಕಿ ಪ್ಲೇಟ್. ಅದರಲ್ಲಿರುವ ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಬಳಸಿದರೆ ಕಾಲೊನಿ, ಅಂದರೆ ಬೆಳೆದ ಬ್ಯಾಕ್ಟೀರಿಯಾಗಳ ಗುಂಪು, ಗುಲಾಬಿ: ಇ. ಕೋಲಿ, ಕ್ಲೆಬ್ಸಿಯೆಲ್ಲಾ. ಲೂಪ್ (ತುದಿ ಬಳೆಯಾಗಿರುವ ತಂತಿ) ತಾಗಿಸಿದಾಗ ಲೋಳೆಯಂತೆ ಎಳೆ ಬಂದರೆ ಹೆಚ್ಚಾಗಿ ಕ್ಲೆಬ್ಸಿಯೆಲ್ಲಾವೇ. ಬಣ್ಣವಿಲ್ಲದಿದ್ದರೆ ಸಾಲ್ಮೊನೆಲ್ಲಾ, ಶಿಗೆಲ್ಲಾ, ಪ್ರೋಟಿಯಸ್, ಸೂಡೊಮೊನಾಸ್ ಕಡೆ ನೋಡಬೇಕು. ಮುಂದೆ ಆಕ್ಸಿಡೇಸ್ ಎಂಬ ಕಿಣ್ವ ಇದೆಯೇ ಎಂದು ತೋರಿಸುವ ಕಾಗದ. ಮರದ ಕಡ್ಡಿಯಲ್ಲೇ ಉಜ್ಜಿ, ಕೆಲವು ಲೋಹದ ಲೂಪ್‌ಗಳು ಸುಳ್ಳು ಬಣ್ಣ ಕೊಡುತ್ತವೆ. ಹತ್ತು ಸೆಕೆಂಡಿನಲ್ಲಿ ಕಡುನೇರಳೆ ಬಂದರೆ ಅದು ಇ. ಕೋಲಿಯ ಬಳಗದ್ದಲ್ಲ.

ಇಷ್ಟು ಗೊತ್ತಿದ್ದೂ ಒಮ್ಮೆ ತಪ್ಪುವುದರಲ್ಲಿದ್ದೆ. ನಾಟಿ ಮುಗಿಸಿ ಬಂದಿದ್ದ ಹಿರಿಯರೊಬ್ಬರು, ಸಕ್ಕರೆ ಕಾಯಿಲೆ ಬೇರೆ. ಕಾಲಿನ ಬಾವು ಯಾವ ಮಾತ್ರೆಗೂ ಬಗ್ಗಿರಲಿಲ್ಲ. ಕೀವಿನಲ್ಲಿ ಗುಲಾಬಿ ಕಡ್ಡಿ, ಪ್ಲೇಟಿನಲ್ಲಿ ಬಣ್ಣವಿಲ್ಲ, ಆಕ್ಸಿಡೇಸ್ ಪಾಸಿಟಿವ್. ಸೂಡೊಮೊನಾಸ್ ಅಂತ ಬರೆಯಲು ಹೊರಟಿದ್ದೆ. ಸ್ಲೈಡನ್ನು ಮತ್ತೊಮ್ಮೆ ನೋಡಿದೆ. ಕಡ್ಡಿಯ ಎರಡು ತುದಿಗಷ್ಟೇ ಬಣ್ಣ, ನಡುವೆ ಖಾಲಿ, ಥೇಟ್ ಸೇಫ್ಟಿ ಪಿನ್. ಜೆಂಟಾಮೈಸಿನ್, ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ ಡಿಸ್ಕ್‌ಗಳ ಸುತ್ತ ಒಂದಿಷ್ಟೂ ಜಾಗ ಬಿಡದೆ ಬೆಳೆದಿತ್ತು. ಮೂರನೇ ದಿನ ಕಾಲೊನಿ ಒಣಗಿ ಸುಕ್ಕುಗಟ್ಟಿತು.

ಅನುಮಾನ ಬರ್ಕ್‌ಹೋಲ್ಡೇರಿಯಾ ಸೂಡೊಮಲ್ಲಿಯೈ ಎಂಬ ಬ್ಯಾಕ್ಟೀರಿಯಾ ಮೇಲೆ. ಮಣ್ಣು, ನಿಂತ ನೀರಿನಲ್ಲಿದ್ದು, ಕಾಲಿನ ಗಾಯದಿಂದ ಒಳಹೊಕ್ಕು ಮೆಲಿಯಾಯ್ಡೋಸಿಸ್ ಎಂಬ ಕಾಯಿಲೆ ತರುತ್ತದೆ. ಸಕ್ಕರೆ ಕಾಯಿಲೆಯವರಿಗೆ ಅಪಾಯ ಜಾಸ್ತಿ. ಡಾಕ್ಟರಿಗೆ ಫೋನ್ ಮಾಡಿದೆ, ದೊಡ್ಡ ಲ್ಯಾಬಿಗೆ ಕಳಿಸಿದೆವು, ಅದೇ ಅಂತ ಉತ್ತರ ಬಂತು. ಸೆಫ್ಟಾಜಿಡೈಮ್ ಇಂಜೆಕ್ಷನ್, ಆಮೇಲೆ ತಿಂಗಳುಗಟ್ಟಲೆ ಕೋಟ್ರೈಮಾಕ್ಸಜೋಲ್ ಮಾತ್ರೆ. ಹೊಸದಾಗಿ ಬಂದ ಹುಡುಗರಿಗೆ ನಾನು ಗಟ್ಟಿಯಾಗಿ ಹೇಳುವುದು ಇದೇ: ವಾಸನೆ ನೋಡಿ ಗುರುತಿಸುತ್ತೇನೆ ಅಂತ ಯಾವ ಪ್ಲೇಟನ್ನೂ ಮೂಸಬೇಡಿ. ಈ ಬ್ಯಾಕ್ಟೀರಿಯಾ ಉಸಿರಿನಿಂದಲೂ ಒಳಗೆ ಹೋಗುತ್ತೆ.

ಈಗ ಕೀವು ತೆಗೆಯುವ ಮೊದಲೇ ಕೇಳುತ್ತೇನೆ, "ಗದ್ದೆಗೆ ಇಳಿದಿದ್ರಾ? ಸಕ್ಕರೆ ಇದೆಯಾ?" ಉತ್ತರವನ್ನು ಚೀಟಿಯ ಮೂಲೆಯಲ್ಲಿ ಬರೆದಿಡುತ್ತೇನೆ.