ನೆರೆ ಇಳಿದ ಮೇಲೆ ಬರೆಸಿದ ಬಗೆ

2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಸುರಿದು ಮೀಠಿ ನದಿ ಉಕ್ಕಿತು. ಕುರ್ಲಾ ಕಡೆಯ ತಗ್ಗಿನ ಮನೆಗಳಲ್ಲಿ ಅಕ್ಕಿ-ಬೇಳೆಯ ಜೊತೆ ಪಾಟಿಚೀಲಗಳೂ ನೆನೆದವು. ಎಂಟು, ಒಂಬತ್ತನೇ ತರಗತಿಯ ಕನ್ನಡ ಮಕ್ಕಳಿಗೆ ಮತ್ತೆ ಬರವಣಿಗೆ ಹಿಡಿಸುವಾಗ ನಾನು ಮೊದಲು ಕೈಬಿಟ್ಟದ್ದು ‘ನೆರೆ ಹಾವಳಿ’ ಪ್ರಬಂಧವನ್ನು. ಅದನ್ನು ಕೊಟ್ಟರೆ ಗೈಡಿನ ಸಾಲುಗಳು ಬರುತ್ತವೆ, ಇಲ್ಲವೇ ಹಾಳೆ ಖಾಲಿ ಉಳಿಯುತ್ತದೆ.

ಬದಲಿಗೆ ಪಟ್ಟಿ ಬರೆಸಿದೆ. ಹಾಳಾದ ಸಾಮಾನು ಸಾಲಿಗೊಂದು, ಪಕ್ಕದಲ್ಲಿ ಅಳತೆ, ಹತ್ತೇ ನಿಮಿಷ. ಮರುದಿನ ಬರೆಸಿದ್ದು: ನೀರು ಎಷ್ಟು ಗಂಟೆಗೆ ಬಂತು, ಮೊಣಕಾಲಿನವರೆಗೋ ಸೊಂಟದವರೆಗೋ. ಆಮೇಲೆ ಪ್ರತಿ ಸಾಲಿಗೂ ಕ್ರಿಯಾಪದ ಸೇರಿಸಿ ವಾಕ್ಯ. ನಾಲ್ಕನೇ ದಿನಕ್ಕೆ ಅದೇ ಅರ್ಜಿಯಾಗುತ್ತದೆ: ರೇಷನ್ ಕಾರ್ಡಿಗೆ, ಮಾರ್ಕ್‌ಶೀಟಿನ ನಕಲಿಗೆ. ಕಚೇರಿಗೆ ಮರಾಠಿ ಬೇಕು, ಆದರೂ ಕರಡು ಕನ್ನಡದಲ್ಲೇ ಆಗಲಿ. ಅದನ್ನು ಮನೆಯಲ್ಲಿ ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಅಮ್ಮನಿಗೆ ಅಕ್ಷರ ಬಾರದಿದ್ದರೂ ಬಿಟ್ಟುಹೋದ ಸಾಮಾನನ್ನು ಅವರೇ ಹಿಡಿಯುತ್ತಾರೆ.

ತಪ್ಪುಗಳಿಗೂ ಕಾರಣವಿದೆ. ಮರಾಠಿ ಬರಹದಲ್ಲಿ ಎ-ಏ, ಒ-ಓ ಎಂಬ ಭೇದವಿಲ್ಲ. ಹಾಗಾಗಿ ‘ಐದು ಕಿಲೋ ಬೇಳೆ’ ಎಂಬುದು ‘ಬೆಳೆ’ ಆಗುತ್ತದೆ, ‘ಕೊಡಿ’ ಎಂಬುದು ‘ಕೋಡಿ’ ಆಗುತ್ತದೆ. ಮರಾಠಿಯಲ್ಲಿ ಅಕ್ಷರದ ನೆತ್ತಿಯ ಮೇಲಿರುವ ರಕಾರ ಕನ್ನಡದಲ್ಲಿ ಅರ್ಕಾವತ್ತಾಗಿ ಅಕ್ಷರದ ಬಲಕ್ಕೆ ಕೂರುತ್ತದೆ. ‘ಅರ್ಜಿ’ ಬರೆಯುವಾಗ ಹಲವರು ಅಲ್ಲೇ ತಡವರಿಸುತ್ತಾರೆ. ಇದನ್ನು ದಡ್ಡತನ ಎಂದುಕೊಂಡರೆ ಮಗು ಬರೆಯುವುದನ್ನೇ ನಿಲ್ಲಿಸುತ್ತದೆ. ದಿನಕ್ಕೆ ಒಂದೇ ಜೋಡಿ ಎತ್ತಿಕೊಳ್ಳಿ, ಮಕ್ಕಳ ಪಟ್ಟಿಯಿಂದಲೇ.

ಸತ್ತವರ ಬಗ್ಗೆ ಬರೆದ ಹಾಳೆಗೆ ಕೆಂಪು ಶಾಯಿ ಮುಟ್ಟಿಸಬಾರದು. ಮಡಚಿ ಕೊಟ್ಟ ಹಾಳೆಯನ್ನು ನಾನು ಓದುವುದಿಲ್ಲ ಎಂದು ಮೊದಲ ದಿನವೇ ಹೇಳಿ, ಆ ಮಾತಿಗೆ ತಪ್ಪಲಿಲ್ಲ. ಮತ್ತೆ ಮಳೆ ಜೋರಾದರೆ ಹುಡುಗರ ಕಣ್ಣು ಕಿಟಕಿಯ ಕಡೆಗೇ. ಅಂಥ ದಿನ ಬರೆಸುವುದಿಲ್ಲ, ಗಟ್ಟಿಯಾಗಿ ಕಥೆ ಓದಿ ಹೇಳುತ್ತೇನೆ.

ಮಳೆಗಾಲ ಮುಗಿಯುವವರೆಗೂ ಪೆನ್ಸಿಲ್ಲೇ ಸರಿ. ಹಲವು ಜೆಲ್ ಪೆನ್ನುಗಳ ಬರಹ ನೀರು ತಾಗಿದರೆ ಹರಡಿಬಿಡುತ್ತದೆ. ಒದ್ದೆಯಾದ ನೋಟ್‌ಬುಕ್ಕಿನ ಹಾಳೆಗಳ ನಡುವೆ ಹಳೇ ಪೇಪರ್ ಇಟ್ಟು ಫ್ಯಾನಿನ ಕೆಳಗೆ ಒಣಗಿಸಿ, ಪೇಪರ್ ನೆನೆದಂತೆ ಬದಲಿಸುತ್ತಿರಬೇಕು. ಬೂಷ್ಟು ಹಿಡಿದದ್ದನ್ನು ಮಾತ್ರ ಮಕ್ಕಳ ಕೈಗೆ ಕೊಡಬೇಡಿ.