ಬೆಳಿಗ್ಗೆ ಮೈನಸ್ 1, ಮಧ್ಯಾಹ್ನ 18: ಟೈರು ಆರಿಸಿದ ನನ್ನ ಅನುಭವ

ಜರ್ಮನಿಯಲ್ಲಿ ಕಾರು ಇಟ್ಟುಕೊಂಡವರಿಗೆ ಜನವರಿಯಲ್ಲಿ ಟೈರಿನ ಬಗ್ಗೆ ಗೊಂದಲವೇ ಇರುವುದಿಲ್ಲ. ಹಿಮ ಬಿದ್ದಿರುತ್ತದೆ, ಚಳಿಗಾಲದ ಟೈರು ಹಾಕಿರುತ್ತೀರಿ, ಅಲ್ಲಿಗೆ ಮುಗಿಯಿತು. ಜುಲೈನಲ್ಲೂ ಹಾಗೆಯೇ. ತಲೆನೋವು ಇರುವುದು ಮಾರ್ಚ್ ಮಧ್ಯದಿಂದ ಮೇ ಮೊದಲವರೆಗೆ, ಮತ್ತೆ ಅಕ್ಟೋಬರ್‌, ನವೆಂಬರ್‌ನಲ್ಲಿ. ಆಗ ಒಂದೇ ದಿನದಲ್ಲಿ ಎರಡು ಋತು ಬಂದುಹೋಗುತ್ತವೆ.

ನಾವಿರುವುದು ಮ್ಯೂನಿಕ್‌ನ ದಕ್ಷಿಣಕ್ಕೆ, ಮೀಸ್ಬಾಖ್ ಕಡೆ. ಸುಮಾರು 700 ಮೀಟರ್ ಎತ್ತರ, ಆಲ್ಪ್ಸ್ ಬೆಟ್ಟಗಳ ಮಗ್ಗುಲು. ನಾನು ಮ್ಯೂನಿಕ್‌ನ ಆಸ್ಪತ್ರೆಯೊಂದರಲ್ಲಿ ನರ್ಸ್. ಬೆಳಗಿನ ಪಾಳಿ 6ಕ್ಕೆ ಶುರುವಾಗುವುದರಿಂದ 5ಕ್ಕೆಲ್ಲ ಮನೆ ಬಿಡಬೇಕು. ವೇಯಾರ್ನ್‌ನಲ್ಲಿ ಎ8 ಹೆದ್ದಾರಿ ಹತ್ತಿ, ಮಾಂಗ್‌ಫಾಲ್ ಕಣಿವೆಯ ಎತ್ತರದ ಸೇತುವೆ ದಾಟಿ, ಹೋಫೋಲ್ಡಿಂಗ್ ಕಾಡಿನ ನಡುವೆ ಹಾದು ಊರು ಸೇರುವುದು. ನಮ್ಮವರು ಮಾತ್ರ ಒಂಬತ್ತಕ್ಕೆ ಎದ್ದು ಹೊರಡುವ ಪೈಕಿ. ಅವರ ಸಣ್ಣ ಕಾರು ರೈಲ್ವೆ ಸ್ಟೇಷನ್ನು, ಸೂಪರ್ ಮಾರ್ಕೆಟ್ಟು ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ. ಒಂದೇ ಮನೆಯ ಎರಡು ಕಾರಿಗೆ ಎರಡು ಬಗೆಯ ಟೈರು ಹಾಕಿದ್ದಕ್ಕೆ ಮುಖ್ಯ ಕಾರಣ ಈ ಹೊತ್ತಿನ ವ್ಯತ್ಯಾಸ.

ಇಲ್ಲಿ ಎಲ್ಲರ ಬಾಯಲ್ಲೂ ಇರುವ ಸೂತ್ರ "ಓ ಬಿಸ್ ಓ". ಅಕ್ಟೋಬರ್‌ನಿಂದ ಓಸ್ಟರ್ನ್‌ವರೆಗೆ, ಅಂದರೆ ಈಸ್ಟರ್‌ವರೆಗೆ ಚಳಿಗಾಲದ ಟೈರು. ಕೇಳಲು ಚೆನ್ನಾಗಿದೆ, ಆದರೆ ಈಸ್ಟರ್ ನಮ್ಮ ಯುಗಾದಿಯ ಹಾಗೆ ಚಂದ್ರನನ್ನು ನೋಡಿಕೊಂಡು ಬರುವ ಹಬ್ಬ. ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಯಾವತ್ತು ಬೇಕಾದರೂ ಬೀಳಬಹುದು. 2024ರಲ್ಲಿ ಅದು ಮಾರ್ಚ್ 31ಕ್ಕೇ ಬಂತು. ಮುಂದಿನ ವಾರಾಂತ್ಯಕ್ಕೆ ದಕ್ಷಿಣ ಜರ್ಮನಿಯಲ್ಲಿ 30 ಡಿಗ್ರಿ ಆಸುಪಾಸಿನ ಬಿಸಿಲು. ಜನ ಅರ್ಧ ತೋಳಿನ ಅಂಗಿಯಲ್ಲಿ ಗ್ಯಾರೇಜುಗಳ ಮುಂದೆ ಸಾಲು ನಿಂತರು. ಅದೇ ಏಪ್ರಿಲ್ 20ರ ಆಸುಪಾಸಿಗೆ ಬೆಟ್ಟದ ಕಡೆ ಮತ್ತೆ ಹಿಮ. ಹಬ್ಬ ನೋಡಿ ಟೈರು ಬದಲಿಸಬಾರದು ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಇನ್ನೊಂದು ಸೂತ್ರ 7 ಡಿಗ್ರಿಯದು: ಅದಕ್ಕಿಂತ ಕೆಳಗಿಳಿದರೆ ಬೇಸಿಗೆ ಟೈರು ಗಟ್ಟಿಯಾಗುತ್ತದೆ, ಬದಲಿಸಿ. ರಬ್ಬರ್ ಚಳಿಗೆ ಬಿಗಿಯಾಗುವುದು ನಿಜ. ಚಳಿಗಾಲದ ಟೈರಿನ ಮಿಶ್ರಣ ತಣ್ಣಗಿದ್ದಾಗಲೂ ಮೃದುವಾಗಿರುತ್ತದೆ, ಮೇಲಾಗಿ ಅದರ ಬಟನ್‌ಗಳ (ರಸ್ತೆಗೆ ತಾಗುವ ರಬ್ಬರ್ ಉಬ್ಬುಗಳ) ತುಂಬ ಸಣ್ಣ ಸಣ್ಣ ಸೀಳುಗಳಿದ್ದು ಅವು ಹಿಮವನ್ನು ಹಿಡಿಯುತ್ತವೆ. ಅದೇ ಮೃದುತನ, ಅದೇ ಸೀಳುಗಳು ಬಿಸಿ ರಸ್ತೆಯಲ್ಲಿ ಮುಳುವಾಗುತ್ತವೆ: ಬಟನ್‌ಗಳು ಅತ್ತಿತ್ತ ಬಾಗುತ್ತವೆ, ಬ್ರೇಕ್ ಒತ್ತಿದರೆ ಕಾರು ನಿಲ್ಲಲು ಹೆಚ್ಚು ದೂರ ಬೇಕು. ಆದರೆ 7 ಎಂಬಲ್ಲಿ ಗೆರೆಯೇನೂ ಎಳೆದಿಲ್ಲ. 4 ಡಿಗ್ರಿಯ ಒಣ ರಸ್ತೆಯಲ್ಲಿ ಒಳ್ಳೆಯ ಬೇಸಿಗೆ ಟೈರು ಸರಿಯಾಗಿಯೇ ನಿಲ್ಲುತ್ತದೆ. ರಸ್ತೆಯ ಮೇಲೆ ಬಿಳಿ ಬಿತ್ತೋ, ಅದರ ಕಥೆ ಮುಗಿಯಿತು. ಕಾನೂನು ಕೂಡ ಉಷ್ಣತೆಯನ್ನಾಗಲಿ ತಾರೀಖನ್ನಾಗಲಿ ಕೇಳುವುದಿಲ್ಲ. 2010ರಿಂದ ಜರ್ಮನಿಯ ನಿಯಮ ನೋಡುವುದು ರಸ್ತೆಯ ಸ್ಥಿತಿಯನ್ನು: ಹಿಮ, ಕೆಸರಾದ ಹಿಮ, ಮಂಜುಗಡ್ಡೆ ಅಥವಾ ಇಬ್ಬನಿ ಹೆಪ್ಪುಗಟ್ಟಿದ ಜಾರಿಕೆ ಇದ್ದರೆ ಚಳಿಗಾಲಕ್ಕೆ ತಕ್ಕ ಟೈರಿಲ್ಲದೆ ಓಡಿಸುವಂತಿಲ್ಲ. ಸಿಕ್ಕಿಬಿದ್ದರೆ 60 ಯೂರೋ ದಂಡ ಮತ್ತು ಲೈಸೆನ್ಸ್ ಮೇಲೆ ತಪ್ಪಿನ ಲೆಕ್ಕಕ್ಕೆ ಒಂದು ಪಾಯಿಂಟ್. ನಿಮ್ಮಿಂದ ದಾರಿ ಕಟ್ಟಿಹೋದರೆ 80.

ಹೀಗಾಗಿ ಟೈರು ಕೊಳ್ಳುವ ಮೊದಲು ನಾನು ಮಾಡಿದ ಕೆಲಸ ಒಂದೇ. ಒಂದು ವಸಂತ, ಒಂದು ಶರತ್ಕಾಲ ಪೂರ್ತಿ ಬೆಳಿಗ್ಗೆ ಸೇತುವೆಯ ಹತ್ತಿರ ಬಂದಾಗ ಕಾರಿನ ಮುಂದಿನ ಪರದೆ ತೋರಿಸುವ ಹೊರಗಿನ ಉಷ್ಣತೆಯನ್ನು ನೋಡಿ ನೆನಪಿಟ್ಟುಕೊಂಡು, ಆಸ್ಪತ್ರೆ ಸೇರಿದ ಮೇಲೆ ಫೋನಿನಲ್ಲಿ ಬರೆದಿಟ್ಟೆ. ಹಾಗೆಯೇ ಮಧ್ಯಾಹ್ನ ಹಿಂತಿರುಗುವಾಗಿನದ್ದನ್ನೂ. ಹವಾಮಾನದ ಆ್ಯಪ್ ಹೇಳುವುದು ಊರಿನ ಲೆಕ್ಕ. ನನ್ನ ದಾರಿಯ ಲೆಕ್ಕ ಬೇರೆಯೇ ಇತ್ತು.

ಬರೆದದ್ದನ್ನು ನೋಡಿದಾಗ ವಸಂತವೂ ಶರತ್ಕಾಲವೂ ಒಂದೇ ಥರದ "ನಡುಗಾಲ" ಅಲ್ಲ ಅನ್ನುವುದು ಎದ್ದು ಕಂಡಿತು. ಏಪ್ರಿಲ್‌ನಲ್ಲಿ ಶತ್ರು ರಾತ್ರಿಯ ತಿಳಿ ಆಕಾಶ. ಮೋಡವಿಲ್ಲದ ರಾತ್ರಿ ನೆಲದ ಬಿಸಿಯೆಲ್ಲ ಮೇಲಕ್ಕೆ ಹೋಗಿ, ಬೆಳಗಿನ ಜಾವ ಮೈನಸ್ 1, ಮೈನಸ್ 2, ಮಧ್ಯಾಹ್ನ 18. ಸೇತುವೆಗೆ ಕೆಳಗಿನಿಂದಲೂ ಗಾಳಿ ಹೊಡೆಯುವುದರಿಂದ ಅದು ಉಳಿದ ರಸ್ತೆಗಿಂತ ಮೊದಲೇ ಹೆಪ್ಪುಗಟ್ಟುತ್ತದೆ. ಕಾಡಿನ ನೆರಳಿನಲ್ಲಿ ಬಿಸಿಲು ತಡವಾಗಿ ತಲುಪುತ್ತದೆ. ಅಕ್ಟೋಬರ್‌ನಲ್ಲಿ ಹಾಗಲ್ಲ. ಬೇಸಿಗೆಯ ಬಿಸಿ ನೆಲದಲ್ಲಿ ಇನ್ನೂ ಉಳಿದಿರುತ್ತದೆ, ಮೊದಲ ಹಿಮ ಬಿದ್ದರೂ ರಸ್ತೆಯಲ್ಲಿ ನಿಲ್ಲುವುದು ಅಪರೂಪ. ಆಗಿನ ಶತ್ರು ನೀರು. ಮಳೆ, ಮಂಜು, ಒದ್ದೆ ಎಲೆ. ಜೊತೆಗೆ ಆಲ್ಪ್ಸ್ ದಾಟಿ ಬರುವ ಫ್ಯೋನ್ ಎಂಬ ಬೆಚ್ಚನೆಯ ಗಾಳಿ ಬೀಸಿದರೆ ನವೆಂಬರ್‌ನ ರಾತ್ರಿಯಲ್ಲೂ ಸ್ವೆಟರ್ ಬೇಡವಾಗುತ್ತದೆ. (ಆ ಗಾಳಿಗೆ ತಲೆನೋವು ಬರುತ್ತದೆ ಎಂದು ನಮ್ಮ ವಾರ್ಡಿನಲ್ಲಿ ರೋಗಿಗಳಿಗಿಂತ ಸಿಬ್ಬಂದಿಯೇ ಹೆಚ್ಚು ದೂರುವುದು.)

ಅಂದರೆ ನನಗೆ ಬೇಕಿದ್ದದ್ದು ಹೆಪ್ಪುಗಟ್ಟಿದ ಸೇತುವೆಗೂ ಮಳೆಗೂ ಎರಡಕ್ಕೂ ಒಗ್ಗುವ ಚಳಿಗಾಲದ ಟೈರು. ಅದನ್ನು ಅಕ್ಟೋಬರ್ ಕೊನೆಗೆ ಹಾಕಿ ಏಪ್ರಿಲ್ ಕೊನೆವರೆಗೂ ಬಿಡುವುದು, ಮೇಯಿಂದ ಬೇಸಿಗೆ ಟೈರು. ಏಪ್ರಿಲ್‌ನ ಬಿಸಿ ಮಧ್ಯಾಹ್ನಗಳಲ್ಲಿ ಒಂದಿಷ್ಟು ಸವೆತ ಹೆಚ್ಚು. ಮುಂದಿನ ಕಾರಿಗೆ ಅಂತರ ಜಾಸ್ತಿ ಬಿಟ್ಟು ಓಡಿಸುತ್ತೇನೆ. ಆಯ್ಕೆ ಮಾಡುವಾಗ ಹಿಮದ ಹಿಡಿತಕ್ಕಿಂತ ಒದ್ದೆ ರಸ್ತೆಯ ಹಿಡಿತಕ್ಕೇ ಹೆಚ್ಚು ಬೆಲೆ ಕೊಟ್ಟೆ. ಯುರೋಪಿನ ಟೈರು ಲೇಬಲ್‌ನಲ್ಲಿ ಅದಕ್ಕೆ ಎ ಯಿಂದ ಇ ವರೆಗೆ ದರ್ಜೆ ಇರುತ್ತದೆ. ಚಳಿಗಾಲದ ಟೈರುಗಳಲ್ಲಿ ಬಹಳಷ್ಟು ಸಿ, ಒಳ್ಳೆಯವು ಬಿ. ಬಿ ಗಿಂತ ಕೆಳಗಿನದನ್ನು ಪಟ್ಟಿಯಿಂದಲೇ ತೆಗೆದೆ. 2021ರ ಮೇ ತಿಂಗಳಿಂದ ಲೇಬಲ್‌ನಲ್ಲಿ ಹಿಮದ ಗುರುತಿನ ಜೊತೆಗೆ ಮಂಜುಗಡ್ಡೆಯ ಗುರುತೂ ಬರುತ್ತಿದೆ. ಹೊಸಬರು ಎರಡೂ ಇದ್ದರೆ ಇನ್ನೂ ಒಳ್ಳೆಯದು ಅಂದುಕೊಳ್ಳುತ್ತಾರೆ, ಹಾಗಲ್ಲ. ಮಂಜುಗಡ್ಡೆ ಗುರುತಿನವು ಸ್ವೀಡನ್, ಫಿನ್‌ಲೆಂಡ್‌ನಂಥ ಕಡೆಗೆ ಮಾಡಿದ ತೀರಾ ಮೆತ್ತಗಿನ ಟೈರುಗಳು. ನಮ್ಮ ಕಡೆಯ ಒದ್ದೆ ಹೆದ್ದಾರಿಗೆ ಅವು ಸಲ್ಲ.

ನಮ್ಮವರ ಕಾರಿಗೆ ಆಲ್ ಸೀಸನ್, ಅಂದರೆ ವರ್ಷವಿಡೀ ಬದಲಿಸದೆ ಓಡಿಸುವ ಟೈರು ಹಾಕಿದೆವು. ಒಂಬತ್ತು ಗಂಟೆಯ ಹೊತ್ತಿಗೆ ರಸ್ತೆಗೆ ಉಪ್ಪು ಬಿದ್ದಿರುತ್ತದೆ, ಬಿಸಿಲೂ ಬಂದಿರುತ್ತದೆ. ಹಿಮ ಜೋರಾಗಿದ್ದರೆ ಮನೆಯಿಂದಲೇ ಕೆಲಸ ಮಾಡುವ ಅನುಕೂಲವೂ ಅವರಿಗಿದೆ. 2023ರ ಡಿಸೆಂಬರ್ 2ರಂದು ಮ್ಯೂನಿಕ್ ವಿಮಾನ ನಿಲ್ದಾಣವೇ ಮುಚ್ಚುವಷ್ಟು ಹಿಮ ಬಿದ್ದಾಗ ಯಾವ ಟೈರಿದ್ದರೇನು, ಕಾರು ಹೊರತೆಗೆಯುವುದೇ ಬೇಡ. ಹಿಂದಿನ ಮಾಲೀಕರಿಂದ ಕೊಂಡ ಆ ಕಾರಿನಲ್ಲಿ ಮೊದಲೇ ಆಲ್ ಸೀಸನ್ ಇತ್ತು. ಆದರೆ ಟೈರಿನ ಪಕ್ಕದಲ್ಲಿ ಎಂ+ಎಸ್ (ಕೆಸರು ಮತ್ತು ಹಿಮ) ಎಂದು ಮಾತ್ರ ಬರೆದಿತ್ತು. ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು, ಆ ಚಿತ್ರ ಇರಲಿಲ್ಲ. ಎಂ+ಎಸ್ ಅನ್ನುವುದು ತಯಾರಕರು ತಾವೇ ಹಾಕಿಕೊಳ್ಳುವ ಗುರುತು. ಬೆಟ್ಟದ ಚಿತ್ರಕ್ಕೆ ಹಿಮದ ಮೇಲೆ ಪರೀಕ್ಷೆ ಪಾಸಾಗಿರಬೇಕು. 2024ರ ಸೆಪ್ಟೆಂಬರ್ 30ಕ್ಕೆ ಬರೀ ಎಂ+ಎಸ್‌ನ ವಿನಾಯಿತಿ ಮುಗಿಯಿತು. ಈಗ ಜರ್ಮನಿಯ ಹಿಮದ ರಸ್ತೆಗೆ ಬೆಟ್ಟದ ಚಿತ್ರ ಇರಲೇಬೇಕು. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಎಂಜಿನ್ ಶಬ್ದ ಕೇಳುವ ಮುಂಚೆ ಬಗ್ಗಿ ಇದನ್ನು ನೋಡಿ. ಹಾಗೇ ಟೈರಿನ ಪಕ್ಕದಲ್ಲಿ ಡಿಓಟಿ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳನ್ನೂ ನೋಡಿ: 3517 ಎಂದಿದ್ದರೆ 2017ರ 35ನೇ ವಾರದಲ್ಲಿ ತಯಾರಾದದ್ದು.

ಆಲ್ ಸೀಸನ್‌ನಲ್ಲೂ ಬೇಸಿಗೆ ಕಡೆ ವಾಲಿದ್ದು, ಚಳಿಗಾಲದ ಕಡೆ ವಾಲಿದ್ದು ಎಂದು ಎರಡು ಜಾತಿ. 2015ರಲ್ಲಿ ಮಿಶೆಲಿನ್ ತಂದ ಕ್ರಾಸ್‌ಕ್ಲೈಮೇಟ್ ಚಳಿಗಾಲದ ಮಾನ್ಯತೆ ಪಡೆದ ಬೇಸಿಗೆ ಟೈರು ಎಂದೇ ಪರಿಚಯವಾದದ್ದು. ವರ್ಷದ ಹೆಚ್ಚಿನ ಭಾಗ ಒಣ ರಸ್ತೆಯಲ್ಲೇ ಓಡುವ ಕಾರಿಗೆ ಆ ಜಾತಿ ಸರಿ. ಬೆಟ್ಟದ ಹಳ್ಳಿಯಲ್ಲಿ ಏರುದಾರಿ ಇದ್ದವರು ಇನ್ನೊಂದನ್ನು ನೋಡಬೇಕು. ನಾವು ಮೊದಲನೆಯ ಜಾತಿಯದನ್ನೇ ಆರಿಸಿದೆವು.

ಟೈರಿನೊಳಗಿನ ಗಾಳಿಯ ವಿಷಯವನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ನಡುಗಾಲದಲ್ಲಿ ಟೈರಿನ ಬ್ರಾಂಡಿಗಿಂತ ಇದೇ ಹೆಚ್ಚು ಕಾಡುವುದು. ಉಷ್ಣತೆ 10 ಡಿಗ್ರಿ ಇಳಿದರೆ ಗಾಳಿಯ ಒತ್ತಡ ಸುಮಾರು 0.1 ಬಾರ್ (ಇಲ್ಲಿ ಒತ್ತಡ ಅಳೆಯುವ ಮಾನ) ಇಳಿಯುತ್ತದೆ. 20 ಡಿಗ್ರಿಯ ಬೆಚ್ಚನೆಯ ಗ್ಯಾರೇಜಿನಲ್ಲಿ 2.4 ತುಂಬಿಸಿಕೊಂಡು ಬಂದರೆ ಮರುದಿನ ಮೈನಸ್ 1ರ ಬೆಳಿಗ್ಗೆ ಅದು 2.2. ಅಕ್ಟೋಬರ್‌ನ ಮೊದಲ ಚಳಿಗೆ ಡ್ಯಾಷ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿ ಪಂಕ್ಚರ್ ಎಂದು ಹೆದರುವವರಲ್ಲಿ ಹೆಚ್ಚಿನವರದು ಇದೇ ಕಥೆ. ನಾನು ಗಾಳಿ ನೋಡುವುದು ಪಾಳಿಗೆ ಹೊರಟಾಗ, ಹಳ್ಳಿಯ ಪೆಟ್ರೋಲ್ ಬಂಕಿನಲ್ಲಿ, ಟೈರು ಇನ್ನೂ ಬಿಸಿಯಾಗುವ ಮೊದಲು. ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿರುವ ಅಂಕಿ ತಣ್ಣನೆಯ ಟೈರಿಗೆ ಹೇಳಿದ್ದು.

ವೇಗದ ಅಕ್ಷರದ ಬಗ್ಗೆ ಒಂದು ಮಾತು. ನನ್ನ ಕಾರಿನ ದಾಖಲೆಯಲ್ಲಿ 205/55 ಆರ್16 91ವಿ ಎಂದಿದೆ. ಮೊದಲ ಭಾಗ ಟೈರಿನ ಅಳತೆ. 91 ಅಂದರೆ ಒಂದು ಟೈರು 615 ಕಿಲೋ ಹೊರಬಲ್ಲದು, ವಿ ಅಂದರೆ ಗಂಟೆಗೆ 240 ಕಿ.ಮೀ. ಭಾರದ ಅಂಕಿ ಕಡಿಮೆಯಾಗುವಂತಿಲ್ಲ. ಆದರೆ ಬೆಟ್ಟದ ಚಿತ್ರವಿರುವ ಟೈರಿಗೆ ಮಾತ್ರ ವೇಗದ ಅಕ್ಷರ ಕಡಿಮೆ ಇರಬಹುದು, ಚಾಲಕರ ಕಣ್ಣಿಗೆ ಕಾಣುವಂತೆ ಸ್ಟಿಕ್ಕರ್ ಅಂಟಿಸಿದರೆ ಸಾಕು. ನಾನು 210ರ ಮಿತಿಯ ಹೆಚ್ ತೆಗೆದುಕೊಂಡೆ. ಬೆಳಗಿನ ಐದು ಗಂಟೆಗೆ 120 ದಾಟುವ ಧೈರ್ಯ ನನಗೆ ಹೇಗೂ ಇಲ್ಲ.

ಮೈಸೂರಿನಿಂದ ತಮ್ಮ ಫೋನಿನಲ್ಲಿ ಕೇಳಿದ್ದ: "ಅಕ್ಕಾ, ಒಂದು ಕಾರಿಗೆ ಎಂಟು ಚಕ್ರ ಯಾಕೆ? ದುಡ್ಡು ಜಾಸ್ತಿ ಆಯ್ತಾ?" ಎರಡು ಸೆಟ್ಟು ಕಿಲೋಮೀಟರನ್ನು ಹಂಚಿಕೊಳ್ಳುವುದರಿಂದ ಟೈರಿನ ಖರ್ಚು ದುಪ್ಪಟ್ಟಾಗುವುದಿಲ್ಲ. ದುಡ್ಡು ಹೋಗುವುದು ಟೈರು ಕೂರಿಸುವ ಎರಡನೇ ಸೆಟ್ ಚಕ್ರದ ಡಿಸ್ಕಿಗೆ, ವರ್ಷಕ್ಕೆರಡು ಸಲದ ಬದಲಾವಣೆಗೆ, ಇಡಲು ಜಾಗವಿಲ್ಲದಿದ್ದರೆ ಅದರ ಬಾಡಿಗೆಗೆ. ನಮಗೆ ನೆಲಮಾಳಿಗೆ ಇದೆ, ಜಾಕ್ ಇದೆ, ಬೋಲ್ಟನ್ನು ಅಳತೆಗೆ ಬಿಗಿಯುವ ಟಾರ್ಕ್ ರೆಂಚ್ ಇದೆ. ಬದಲಿಸಿ 50 ಕಿ.ಮೀ. ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿ ನೋಡಬೇಕು, ಅಷ್ಟೇ.

ಕಾನೂನಿನ ಪ್ರಕಾರ ಬಟನ್ ಎತ್ತರ 1.6 ಮಿ.ಮೀ. ಇದ್ದರೆ ಸಾಕು, ಆದರೆ ಹಿಮಕ್ಕೆ 4 ಇರಬೇಕು. ಆಸ್ಟ್ರಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ಹಿಮದ ರಸ್ತೆಯಲ್ಲಿ ಅದಕ್ಕಿಂತ ಕಡಿಮೆಯದನ್ನು ಚಳಿಗಾಲದ ಟೈರು ಎಂದು ಒಪ್ಪುವುದೇ ಇಲ್ಲ, ಸಾಲ್ಸ್‌ಬರ್ಗ್ ಕಡೆ ಹೋಗುವವರು ನೆನಪಿಡಿ. ಅಳೆಯಲು 2 ಯೂರೋ ನಾಣ್ಯವನ್ನು ಬಟನ್‌ಗಳ ಸಂದಿಗೆ ತೂರಿಸಿದರೆ ಸಾಕು. ಅದರ ಬೆಳ್ಳಿ ಬಣ್ಣದ ಅಂಚು ಸುಮಾರು 4 ಮಿ.ಮೀ. ನನ್ನ ಚಳಿಗಾಲದ ಮುಂದಿನ ಎರಡು ಟೈರುಗಳಲ್ಲಿ ಆ ಅಂಚು ಈಗ ಇಣುಕುತ್ತಿದೆ. ಆಗಸ್ಟ್‌ನಲ್ಲೇ ಹೊಸದಕ್ಕೆ ಹೇಳಿಡುತ್ತೇನೆ. ಮೊದಲ ಹಿಮದ ಸುದ್ದಿ ಬಂದ ಮೇಲೆ ಬೇಕಾದ ಅಳತೆ ಸಿಕ್ಕರೂ ಗ್ಯಾರೇಜಿನಲ್ಲಿ ಹೊತ್ತು ಸಿಗುವುದಿಲ್ಲ.