ಕರಾವಳಿ ಹಿತ್ತಿಲಲ್ಲಿ ಸೊರಗದ ಟೊಮೆಟೊ: ಅರ್ಕಾ ರಕ್ಷಕ್ ಬೆಳೆಸುವುದು ಹೀಗೆ

ಸಂಜೆ ನೀರು ಹಾಕುವಾಗ ನೆಟ್ಟಗೆ ನಿಂತಿದ್ದ ಗಿಡ. ಮರುದಿನ ಮಧ್ಯಾಹ್ನ ನೋಡಿದರೆ ಬಿಸಿನೀರು ಹೊಯ್ದ ಹಾಗೆ ಜೋತು ಬಿದ್ದಿರುತ್ತದೆ. ಎಲೆ ಹಳದಿಯಾಗಿಲ್ಲ, ಚುಕ್ಕೆ ಇಲ್ಲ, ಹುಳ ಇಲ್ಲ. ಹಸಿರಾಗಿದ್ದ ಹಾಗೇ ಸೊರಗಿದೆ. ನೀರು ಸಾಲಲಿಲ್ಲವೇನೋ ಎಂದು ಇನ್ನೊಂದು ಕೊಡ ಹಾಕುತ್ತೇವೆ. ಮೂರು ನಾಲ್ಕು ದಿನದಲ್ಲಿ ಗಿಡ ಸತ್ತೇ ಹೋಗುತ್ತದೆ. ಕಾರವಾರದಿಂದ ಭಟ್ಕಳದವರೆಗೆ ಹಿತ್ತಿಲಲ್ಲಿ ಟೊಮೆಟೊ ನೆಟ್ಟವರಲ್ಲಿ ಇದನ್ನು ಕಾಣದವರು ಕಡಿಮೆ.

ಅಂಕೋಲಾದ ನಮ್ಮ ಮನೆಯ ಹಿಂದೆ ನಾನೂ ಹೀಗೆ ಎರಡು ವರ್ಷ ಗಿಡ ಕಳೆದುಕೊಂಡೆ. ಎರಡನೇ ವರ್ಷ ಪೇಟೆಯಿಂದ ತಂದ 12 ಸಸಿಗಳಲ್ಲಿ ಉಳಿದದ್ದು ಒಂದೇ. ಕೊಡ ಹಿಡಿದು ನಿಂತಿದ್ದಾಗ ಪಕ್ಕದ ಮನೆಯ ಅಕ್ಕ ಬೇಲಿಯ ಆಚೆಯಿಂದಲೇ, "ತಂಗೀ, ಅದ್ಕೆ ಮತ್ತೆ ನೀರು ಹಾಕ್ಬೇಡ. ರೋಗ ಮಣ್ಣಾಗೇ ಅದೆ" ಎಂದರು. ಅವರ ಮಾತು ನಿಜ. ಇಲ್ಲಿ ಟೊಮೆಟೊ ಸಾಯುವುದು ನಮ್ಮ ಕೈಗುಣದಿಂದ ಅಲ್ಲ. ಈ ಮಣ್ಣಿಗೆ ತಾಳುವ ತಳಿ ಆರಿಸಬೇಕು, ಚಳಿಯ ರಾತ್ರಿಗಳಲ್ಲಿ ಹೂ ಬರುವ ಹಾಗೆ ನೆಡಬೇಕು. ಇವೆರಡು ಸರಿಯಾದರೆ ನಮ್ಮ ಕರಾವಳಿಯಲ್ಲೂ ಬುಟ್ಟಿ ತುಂಬ ಹಣ್ಣು ಬರುತ್ತದೆ.

ಮೊದಲು ರೋಗ ಯಾವುದೆಂದು ನೋಡಿ

ಸೊರಗಿದ ಗಿಡವನ್ನು ಕಿತ್ತು ಬಿಸಾಡುವ ಮೊದಲು ಒಂದು ಪರೀಕ್ಷೆ ಮಾಡಿ. ಬುಡದ ಹತ್ತಿರದ ಕಾಂಡವನ್ನು ಒಂದು ಗೇಣು ಉದ್ದ ಕತ್ತರಿಸಿ. ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ, ಕತ್ತರಿಸಿದ ತುದಿ ನೀರಿಗೆ ಸ್ವಲ್ಪವೇ ಮುಳುಗುವ ಹಾಗೆ ಅಲುಗಾಡದಂತೆ ಹಿಡಿಯಿರಿ. ಕೆಲವೇ ನಿಮಿಷಗಳಲ್ಲಿ ಕಾಂಡದಿಂದ ಬಿಳಿ ಎಳೆ ಹೊಗೆಯ ಹಾಗೆ ಕೆಳಗಿಳಿದರೆ ಅದು ದುಂಡಾಣು ಸೊರಗು ರೋಗ. ಸ್ವಲ್ಪ ಹೊತ್ತು ಬಿಟ್ಟರೆ ನೀರೆಲ್ಲ ಹಾಲು ಬೆರೆಸಿದಂತೆ ಆಗುತ್ತದೆ. ನಮ್ಮ ಮನೆಯಲ್ಲಿ ಮೊದಲ ಸಲ ಇದನ್ನು ನೋಡಿದಾಗ ನನಗೆ ಬೇಸರಕ್ಕಿಂತ ಸಮಾಧಾನವೇ ಜಾಸ್ತಿ ಆಯಿತು. ಕಾರಣ ಕೈಗೆ ಸಿಕ್ಕಿತ್ತಲ್ಲ.

ಇದನ್ನು ತರುವುದು ರಾಲ್‌ಸ್ಟೋನಿಯಾ ಎಂಬ ಬ್ಯಾಕ್ಟೀರಿಯಾ. ಬೇರಿನ ಗಾಯದಿಂದ ಒಳಗೆ ಹೋಗಿ, ನೀರು ಮೇಲೇರುವ ನಾಳವನ್ನೇ ಕಟ್ಟಿಬಿಡುತ್ತದೆ. ಬುಡದಲ್ಲಿ ಎಷ್ಟು ನೀರಿದ್ದರೂ ತುದಿಗೆ ತಲುಪುವುದಿಲ್ಲ. ಸೆಕೆ ಮತ್ತು ತೇವ ಅದಕ್ಕೆ ಬಹಳ ಇಷ್ಟ. ಹುಳಿ ಮಣ್ಣು ಸಿಕ್ಕರೆ ಇನ್ನೂ ಒಳ್ಳೆಯದಾಯಿತು. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ ಬಿದ್ದು, ಚಿರೇಕಲ್ಲಿನ ಕೆಂಪು ಮಣ್ಣಿನ ಸುಣ್ಣದ ಅಂಶವೆಲ್ಲ ತೊಳೆದುಹೋಗಿ ಮಣ್ಣು ಹುಳಿಯಾಗಿರುತ್ತದೆ. ಹಾಗಾಗಿ ಈ ರೋಗಕ್ಕೆ ಬೇಕಾದ್ದೆಲ್ಲ ಇಲ್ಲಿ ಒಟ್ಟಿಗೇ ಸಿಗುತ್ತದೆ. ಬದನೆ, ಮೆಣಸಿನ ಗಿಡಕ್ಕೂ ಇದು ಬರುತ್ತದೆ. ಶಿರಸಿ ಕಡೆ ಶುಂಠಿ ಬೆಳೆದವರಿಗೂ ಹಸಿರು ಸೊರಗು ಗೊತ್ತೇ ಇದೆ. ಒಮ್ಮೆ ಮಣ್ಣಿಗೆ ಸೇರಿದರೆ ವರ್ಷಗಟ್ಟಲೆ ಉಳಿಯುತ್ತದೆ. ಗಿಡ ಸೊರಗಿದ ಮೇಲೆ ಯಾವ ಔಷಧಿಯೂ ಅದನ್ನು ಉಳಿಸುವುದಿಲ್ಲ.

ತಳಿಯ ಆಯ್ಕೆ

ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅರ್ಕಾ ರಕ್ಷಕ್ ಎಂಬ ಹೈಬ್ರಿಡ್ ತಳಿ ಕೊಟ್ಟಿದೆ. ಇದರ ಹಿಂದೆ ಇರುವವರು ವಿಜ್ಞಾನಿ ಎ.ಟಿ. ಸದಾಶಿವ ಮತ್ತು ಅವರ ತಂಡ. ಸೊರಗು ರೋಗ, ಎಲೆ ಮುದುಡು ನಂಜು, ಎಲೆ ಅಂಗಮಾರಿ, ಈ ಮೂರನ್ನೂ ತಡೆಯುವ ಶಕ್ತಿ ಒಂದೇ ಗಿಡದಲ್ಲಿದೆ. ಹಣ್ಣು ಸ್ವಲ್ಪ ಚೌಕ, ಗಟ್ಟಿ, ಕಡುಗೆಂಪು. ಒಂದೊಂದು 90ರಿಂದ 100 ಗ್ರಾಂ ತೂಗುತ್ತದೆ.

ಇಳುವರಿಯ ವಿಷಯಕ್ಕೆ ಇದು ಹೆಸರು ಮಾಡಿದ್ದು ಚಿಕ್ಕಬಳ್ಳಾಪುರದ ಕಡೆಯ ಒಬ್ಬ ರೈತರಿಂದ. ಅರ್ಧ ಎಕರೆಯಲ್ಲಿ 2000 ಗಿಡ ಹಾಕಿ 38 ಟನ್ ತೆಗೆದರೆಂದು ಪತ್ರಿಕೆಗಳಲ್ಲಿ ಬಂತು. ಗಿಡವೊಂದಕ್ಕೆ 19 ಕೆ.ಜಿ.! ಆ ಲೆಕ್ಕವನ್ನು ನಮ್ಮ ಹಿತ್ತಿಲಿಗೆ ತರಬೇಡಿ. ಅಲ್ಲಿಯ ಒಣ ಹವೆ, ಹನಿ ನೀರಾವರಿ, ಲೆಕ್ಕ ಹಾಕಿ ಕೊಡುವ ಗೊಬ್ಬರ ಬೇರೆ. ನನಗೆ ಚೀಲದಲ್ಲಿ ಬೆಳೆದ ಗಿಡಕ್ಕೆ ಮೂರು ಕೆ.ಜಿ., ನೆಲದಲ್ಲಿ ಬೆಳೆದ ಗಿಡಕ್ಕೆ ನಾಲ್ಕರಿಂದ ಐದು ಕೆ.ಜಿ. ಸಿಕ್ಕಿದೆ. ಮೊದಲು ಒಂದು ಕಾಯಿಯೂ ಕಾಣದಿದ್ದ ಜಾಗದಲ್ಲಿ ಇದು ಸಣ್ಣ ಮಾತಲ್ಲ. ಎಂಟು ಗಿಡ ಇದ್ದರೆ ನಾಲ್ಕು ಜನರ ಮನೆಗೆ ಧಾರಾಳ ಸಾಕು.

ಬೀಜ ಹೆಸರಘಟ್ಟದ ಸಂಸ್ಥೆಯ ಮಾರಾಟ ಕೇಂದ್ರದಲ್ಲಿ ಸಿಗುತ್ತದೆ, ಆನ್‌ಲೈನ್‌ನಲ್ಲೂ ತರಿಸಬಹುದು. ಶಿರಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲೂ ಒಮ್ಮೆ ವಿಚಾರಿಸಿ. ಆದರೆ ಒಂದು ಮಾತು ನೆನಪಿರಲಿ. ಇದು ಹೈಬ್ರಿಡ್. ಹಣ್ಣಿನ ಬೀಜ ತೆಗೆದಿಟ್ಟು ಮುಂದಿನ ವರ್ಷ ಬಿತ್ತಿದರೆ ತಾಯಿಯ ಗುಣ ಪೂರ್ತಿ ಬರುವುದಿಲ್ಲ. ನಮ್ಮ ಬೀಜ ನಮ್ಮಲ್ಲೇ ಇರಲಿ ಎನ್ನುವವರು ಅದೇ ಸಂಸ್ಥೆಯ ಅರ್ಕಾ ಆಭಾ, ಅರ್ಕಾ ಅಲೋಕ್ ಹಾಕಬಹುದು. ಕೇರಳ ಕೃಷಿ ವಿಶ್ವವಿದ್ಯಾಲಯದ ಶಕ್ತಿ, ಮುಕ್ತಿ, ಅನಘ ತಳಿಗಳೂ ಸೊರಗು ರೋಗಕ್ಕೆ ತಾಳುತ್ತವೆ. ಕೇರಳದ ಮಣ್ಣು, ಮಳೆ ನಮ್ಮದಕ್ಕೆ ಹತ್ತಿರ ಅಲ್ವಾ?

ನವರಾತ್ರಿಗೆ ಬೀಜ, ದೀಪಾವಳಿಗೆ ನಾಟಿ

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲೇ. ಟೊಮೆಟೊ ಹೂ ಕಾಯಿ ಕಚ್ಚಲು ರಾತ್ರಿ ತಂಪಿರಬೇಕು. 15ರಿಂದ 20 ಡಿಗ್ರಿ ಇದ್ದರೆ ಬಹಳ ಒಳ್ಳೆಯದು. ರಾತ್ರಿಯೂ ಸೆಕೆ ಇದ್ದರೆ ಪರಾಗ ಕೆಟ್ಟು, ಹೂ ತೊಟ್ಟಿನ ಸಮೇತ ಉದುರುತ್ತದೆ. ಕರಾವಳಿಯಲ್ಲಿ ರಾತ್ರಿ 20 ಡಿಗ್ರಿ ಆಚೀಚೆ ಇಳಿಯುವುದು ಡಿಸೆಂಬರ್, ಜನವರಿಯಲ್ಲಿ ಮಾತ್ರ. ಫೆಬ್ರವರಿ ಕಳೆಯುವ ಹೊತ್ತಿಗೆ ಆ ತಂಪು ಹೋಗಿರುತ್ತದೆ. ಜನವರಿಯಲ್ಲಿ ಸಸಿ ತಂದು ನೆಟ್ಟರೆ ಗಿಡ ಸೊಂಪಾಗಿ ಬೆಳೆಯುತ್ತದೆ, ಹೂವೂ ಬರುತ್ತದೆ, ಕಾಯಿ ಮಾತ್ರ ಇಲ್ಲ.

ಹಾಗಾಗಿ ನವರಾತ್ರಿ ಶುರುವಾಗುವಾಗ ಬೀಜ ಹಾಕಿ. ದೀಪಾವಳಿ ಹೊತ್ತಿಗೆ ಸಸಿಗೆ ಸುಮಾರು ನಾಲ್ಕು ವಾರ ಆಗಿರುತ್ತದೆ, ನಾಟಿಗೆ ಸರಿಯಾದ ವಯಸ್ಸು. ನವೆಂಬರ್ ಕೊನೆಗೆ ಹೂ, ಹೊಸ ವರ್ಷದ ಹೊತ್ತಿಗೆ ಮೊದಲ ಹಣ್ಣು, ಮಾರ್ಚ್‌ವರೆಗೆ ಕೊಯ್ಲು. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದಲ್ಲಿ ಚಳಿ ಜಾಸ್ತಿ ದಿನ ಇರುವುದರಿಂದ ಎರಡು ಮೂರು ವಾರ ತಡವಾದರೂ ನಡೆಯುತ್ತದೆ.

ಬೀಜಕ್ಕೆ ಪ್ಲಾಸ್ಟಿಕ್ ಟ್ರೇ ಮತ್ತು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬಳಸಿ. ಹಿತ್ತಿಲ ಮಣ್ಣು ಬೇಡವೇ ಬೇಡ. ರೋಗ ಇರುವ ಮಣ್ಣಲ್ಲಿ ಸಸಿ ಎಬ್ಬಿಸಿದರೆ ತಳಿ ಬದಲಿಸಿದ್ದೂ ದಂಡ. ಒಂದು ಗುಳಿಗೆ ಒಂದೇ ಬೀಜ, ಅರ್ಧ ಸೆಂಟಿಮೀಟರ್ ಆಳ. ಐದಾರು ದಿನಕ್ಕೆ ಮೊಳಕೆ ಬರುತ್ತದೆ. ಅಕ್ಟೋಬರ್‌ನಲ್ಲಿ ಸಂಜೆ ಗುಡುಗು ಮಳೆ ಇದ್ದೇ ಇರುತ್ತದೆ. ಟ್ರೇಯನ್ನು ಮಳೆ ಸಿಡಿಯದ, ಬಿಸಿಲು ಬೀಳುವ ಜಗಲಿಯ ಅಂಚಿನಲ್ಲಿಡಿ. ಎಲೆ ಮುದುಡು ನಂಜು ಹರಡುವ ಬಿಳಿ ನೊಣ ಕೂರದಂತೆ ಹಳೆಯ ಸೊಳ್ಳೆ ಪರದೆ ಹೊದಿಸಿದರೆ ಸಾಕು.

ಮಣ್ಣಿನ ಕೆಲಸಕ್ಕೆ ಅವಸರ ಬೇಡ

ಬೀಜ ಹಾಕಿದ ದಿನವೇ ಮಣ್ಣಿಗೂ ಕೈ ಹಾಕಿ. ದಿನಕ್ಕೆ ಆರು ಗಂಟೆ ಬಿಸಿಲು ಬೀಳುವ ಜಾಗ ಬೇಕು. ತೆಂಗಿನ ಬುಡದ ನೆರಳಲ್ಲಿ ಗಿಡ ಸುಮ್ನೆ ಉದ್ದವಾಗುತ್ತದೆ ಅಷ್ಟೇ. ಹಿಂದಿನ ಮೂರು ವರ್ಷದಲ್ಲಿ ಬದನೆ, ಮೆಣಸು, ಟೊಮೆಟೊ ಹಾಕಿದ ಜಾಗ ಬಿಡಿ. ಗಜನಿಯ (ಉಪ್ಪುನೀರು ನುಗ್ಗುವ ಗದ್ದೆಯ) ಉಪ್ಪು ಮಣ್ಣು ತರಬೇಡಿ.

ಹುಳಿ ತಗ್ಗಿಸಲು ಸುಣ್ಣ ಬೇಕು. ನಮ್ಮಲ್ಲಿ ಚಿಪ್ಪಿನ ಸುಣ್ಣ ಸುಲಭವಾಗಿ ಸಿಗುತ್ತದೆ. ನೀರು ಹಾಕಿ ಅರಳಿಸಿದ ಸುಣ್ಣದ ಪುಡಿಯನ್ನು ಒಂದು ಚದರ ಮೀಟರ್ ಜಾಗಕ್ಕೆ 200 ಗ್ರಾಂ, ದೊಡ್ಡ ಚೀಲದ ಮಣ್ಣಿಗೆ ಒಂದು ಮುಷ್ಟಿಯಂತೆ ಬೆರೆಸಿ, ನೀರು ಚಿಮುಕಿಸಿ ಎರಡು ವಾರ ಬಿಡಿ. ಆಮೇಲೆ ಗೊಬ್ಬರ ಹಾಕಬೇಕು. ಸುಣ್ಣ, ಸಗಣಿ ಗೊಬ್ಬರ ಎರಡನ್ನೂ ಒಂದೇ ದಿನ ಬೆರೆಸಿದರೆ ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ. ಸುಣ್ಣದಿಂದ ಇನ್ನೊಂದು ಲಾಭವೂ ಇದೆ, ಅದು ಕಾಯಿ ಬಂದಾಗ ಗೊತ್ತಾಗುತ್ತದೆ.

ಚೀಲದಲ್ಲಿ ಬೆಳೆಸುವವರು ಎರಡು ಪಾಲು ಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ ಸೇರಿಸಿ. ಜೊತೆಗೆ ಎರಡು ಮುಷ್ಟಿ ಬೇವಿನ ಹಿಂಡಿ ಹಾಕಿ. ಬೇರಿಗೆ ಗಾಯ ಮಾಡಿ ರೋಗಕ್ಕೆ ದಾರಿ ಮಾಡಿಕೊಡುವ ಜಂತುಹುಳುಗಳನ್ನು ಅದು ತಗ್ಗಿಸುತ್ತದೆ. 25 ಕೆ.ಜಿ. ಅಕ್ಕಿ ಚೀಲಕ್ಕಿಂತ ಚಿಕ್ಕದು ಬೇಡ. ತಳದಲ್ಲಿ ತೂತು ಮಾಡಿ, ಎರಡು ಕಲ್ಲಿನ ಮೇಲೆ ಎತ್ತರಿಸಿಡಿ. ನೆಲದಲ್ಲಿ ನೆಡುವವರು ಒಂದು ಅಡಿ ಎತ್ತರದ ಏರಿ ಮಾಡಲೇಬೇಕು. ನೀರಿನ ಜೊತೆಗೇ ಈ ರೋಗ ಗಿಡದಿಂದ ಗಿಡಕ್ಕೆ ಹರಿಯುತ್ತದೆ.

ನಾಟಿ ಮತ್ತು ಆಸರೆ

ಒಂದು ಲೀಟರ್ ನೀರಿಗೆ ಸ್ಯೂಡೊಮೊನಾಸ್ ಎಂಬ ಉಪಕಾರಿ ಬ್ಯಾಕ್ಟೀರಿಯಾದ ಪುಡಿ 20 ಗ್ರಾಂ ಕಲಸಿ, ಸಸಿಯ ಬೇರನ್ನು 20 ನಿಮಿಷ ಅದ್ದಿಡಿ. ಬಿಸಿಲು ಇಳಿದ ಮೇಲೆ, ಎರಡು ಅಡಿಗೊಂದರಂತೆ ನೆಡಿ. ಮೊದಲ ಎಲೆಗಳವರೆಗೂ ಕಾಂಡ ಮಣ್ಣೊಳಗೆ ಹೋಗಲಿ. ಹೂತ ಕಾಂಡದಿಂದಲೂ ಟೊಮೆಟೊ ಬೇರು ಬಿಡುತ್ತದೆ. ಬುಡಕ್ಕೆ ನಾಲ್ಕು ಬೆರಳು ದಪ್ಪ ದರಕು (ಒಣಗಿದ ಎಲೆ) ಹೊದಿಸಿ. ಗುದ್ದಲಿಯಿಂದ ಬುಡ ಕೆದಕುವುದನ್ನು ಅವತ್ತಿನಿಂದಲೇ ನಿಲ್ಲಿಸಿ. ಕಳೆಯನ್ನು ಕೈಯಲ್ಲೇ ಕೀಳಿ. ಒಂದು ಬೇರು ತುಂಡಾದರೂ ರೋಗಕ್ಕೆ ಬಾಗಿಲು ತೆರೆದಂತೆ. ತಾಳುವ ತಳಿ ಎಂದರೆ ರೋಗವೇ ಬಾರದ ತಳಿ ಎಂದಲ್ಲ.

ಬದನೆಯ ಬೇರಿನ ಮೇಲೆ ಟೊಮೆಟೊ ಕಸಿ ಕಟ್ಟುವ ಉಪಾಯವೂ ಇದೆ. ತೈವಾನಿನ ವಿಶ್ವ ತರಕಾರಿ ಕೇಂದ್ರ ಸೊರಗು ರೋಗ ಮತ್ತು ನೀರು ನಿಲ್ಲುವ ಜಾಗಕ್ಕೆಂದೇ ಇದನ್ನು ಬಹಳ ವರ್ಷಗಳಿಂದ ಹೇಳಿಕೊಡುತ್ತಿದೆ. ಕಸಿ ಗಿಡ ಸಿಕ್ಕರೆ ಮಾತ್ರ ಮೇಲೆ ಹೇಳಿದ ಹಾಗೆ ಆಳಕ್ಕೆ ನೆಡಬೇಡಿ. ಕಸಿಯ ಗಂಟು ಮಣ್ಣಿಗಿಂತ ಮೇಲೇ ಇರಬೇಕು.

ತುಳಸಿ ಮದುವೆ ಕಳೆದ ಮೇಲೆ ಆಸರೆ ಕೊಡಿ. ಅಡಿಕೆ ದಬ್ಬೆಗಿಂತ ಒಳ್ಳೆಯದು ಬೇರೆ ಬೇಕೇ? ಐದು ಅಡಿಯ ದಬ್ಬೆ ಹುಗಿದು, ಬಾಳೆ ನಾರಿನಿಂದ ಸಡಿಲವಾಗಿ ಕಟ್ಟಿ. ಮೊದಲ ಹೂಗೊಂಚಲಿನ ಕೆಳಗೆ ಬರುವ ಕಂಕುಳ ಚಿಗುರುಗಳನ್ನು ಎಳೆಯದಾಗಿರುವಾಗಲೇ ಬೆರಳಲ್ಲಿ ಚಿವುಟಿ. ಮೇಲಿನವನ್ನು ಬಿಡಿ. ಈ ತಳಿ ಬಳ್ಳಿಯ ಹಾಗೆ ಏರುತ್ತಲೇ ಹೋಗುವುದಿಲ್ಲ, ಎರಡು ಮೂರು ಕವಲು ಇದ್ದರೇ ಫಸಲು ಜಾಸ್ತಿ.

ನೀರು, ಗೊಬ್ಬರ, ಹುಳ

ನೀರು ದಿನವೂ ಒಂದೇ ಸಮ ಇರಲಿ, ಬುಡಕ್ಕೇ ಹೋಗಲಿ. ಎರಡು ದಿನ ಒಣಗಿಸಿ ಮೂರನೇ ದಿನ ಹೊಳೆ ಹರಿಸಿದರೆ ಹಣ್ಣು ಸೀಳುತ್ತದೆ, ಕಾಯಿಯ ತಳ ಕಪ್ಪಾಗಿ ಚಪ್ಪಟೆಯಾಗುತ್ತದೆ. ಇದನ್ನು ಕೊಳೆ ರೋಗ ಎಂದು ತಿಳಿದು ಔಷಧಿ ಹೊಡೆಯುವವರಿದ್ದಾರೆ. ಅದು ರೋಗವಲ್ಲ, ಕಾಯಿಗೆ ಸುಣ್ಣದ ಅಂಶ ತಲುಪದಿರುವುದು. ಮೊದಲೇ ಸುಣ್ಣ ಹಾಕಿ, ನೀರು ತಪ್ಪಿಸದಿದ್ದರೆ ಈ ತೊಂದರೆ ತೀರಾ ಕಡಿಮೆ. ಹೊಳೆ ಬಾಯಿಯ ಹತ್ತಿರದ ಬಾವಿಗಳು ಫೆಬ್ರವರಿ ಮುಗಿಯುವಾಗ ಸವಳಾಗುತ್ತವೆ. ನಾಲಿಗೆಗೆ ಉಪ್ಪು ಗೊತ್ತಾಗುವ ನೀರನ್ನು ಗಿಡಕ್ಕೂ ಹಾಕಬೇಡಿ.

ಹೂ ಬರುವಾಗ ಒಮ್ಮೆ, ಕಾಯಿ ಕಡಲೆ ಗಾತ್ರವಾದಾಗ ಒಮ್ಮೆ ಎರೆಗೊಬ್ಬರ ಎರಡೆರಡು ಮುಷ್ಟಿ, ಮೇಲೆ ಒಂದು ಹಿಡಿ ಕಟ್ಟಿಗೆ ಬೂದಿ. ಹದಿನೈದು ದಿನಕ್ಕೊಮ್ಮೆ ಜೀವಾಮೃತ (ಸಗಣಿ, ಗೋಮೂತ್ರ, ಬೆಲ್ಲ ಕಲಸಿ ಹುಳಿಸಿದ ದ್ರವ ಗೊಬ್ಬರ) ಕೊಟ್ಟರೂ ಆಯಿತು. ಯೂರಿಯಾ ಜಾಸ್ತಿಯಾದರೆ ಬರೀ ಎಲೆ. ಟೆರೇಸಿನಲ್ಲಿ, ಗಾಳಿ ಆಡದ ಮೂಲೆಯಲ್ಲಿ ಗಿಡ ಇದ್ದರೆ ಬೆಳಿಗ್ಗೆ ಹತ್ತು ಗಂಟೆಯ ಒಳಗೆ ದಬ್ಬೆಗೆ ಬೆರಳಿಂದ ಮೆಲ್ಲಗೆ ತಟ್ಟಿ. ಪರಾಗ ಉದುರಿ ಕಾಯಿ ಕಚ್ಚುತ್ತದೆ.

ಮೂರು ರೋಗ ತಡೆಯುವ ಗಿಡ ಹುಳವನ್ನು ತಡೆಯುವುದಿಲ್ಲ. ಕಾಯಿಕೊರಕಕ್ಕೆ ಸುತ್ತ ಗೊಂಡೆ ಹೂವಿನ ಗಿಡ ಹಾಕಿ. ಆ ಹುಳದ ಚಿಟ್ಟೆ ಮೊಟ್ಟೆಯಿಡಲು ಗೊಂಡೆಯ ಮೊಗ್ಗನ್ನೇ ಮೊದಲು ಹುಡುಕುತ್ತದೆ. ಆದರೆ ಟೊಮೆಟೊ ಹೂ ಬಿಡುವಾಗಲೇ ಗೊಂಡೆಯೂ ಮೊಗ್ಗಾಗಿರಬೇಕು. ಅದಕ್ಕೆ ಗೊಂಡೆಯನ್ನು ಎರಡು ವಾರ ಮೊದಲೇ ಬಿತ್ತಿಕೊಳ್ಳಿ. ಬಿಳಿ ನೊಣಕ್ಕೆ ಹಳದಿ ಅಂಟು ಹಾಳೆ ನೇತುಹಾಕಿ. ತೂತಾದ ಕಾಯಿಯನ್ನು ಗಿಡದಲ್ಲಿ ಬಿಡದೆ ತೆಗೆದು ನಾಶ ಮಾಡಿ.

ಮಂಗಗಳ ಕಾಟಕ್ಕೆ ನನ್ನ ಬಳಿ ಒಂದೇ ಉಪಾಯ. ಹಣ್ಣು ಪೂರ್ತಿ ಕೆಂಪಾಗುವವರೆಗೆ ಕಾಯುವುದಿಲ್ಲ. ತುದಿ ನಸುಗೆಂಪು ತಿರುಗಿದ ದಿನವೇ ತೊಟ್ಟಿನ ಸಮೇತ ಕೊಯ್ದು, ಅಡುಗೆಮನೆಯ ಬುಟ್ಟಿಯಲ್ಲಿ ಹರಡುತ್ತೇನೆ. ಮೂರು ನಾಲ್ಕು ದಿನಕ್ಕೆ ಕೆಂಪಾಗುತ್ತದೆ, ರುಚಿ ಕೆಡುವುದಿಲ್ಲ. ಸಿಪ್ಪೆ ದಪ್ಪ ಇರುವುದರಿಂದ ಹೊರಗಿಟ್ಟರೂ ಎರಡು ವಾರ ಗಟ್ಟಿಯಾಗೇ ಇರುತ್ತದೆ. ಸಾರಿಗೆ, ಗೊಜ್ಜಿಗೆ ಚೆನ್ನ. ಹುಳಿ ಸ್ವಲ್ಪ ಕಡಿಮೆ ಅನಿಸಿದರೆ ಮನೆಯಲ್ಲಿ ಮುರುಗಲು ಇದ್ದೇ ಇದೆಯಲ್ಲ.

ಏಪ್ರಿಲ್‌ನಲ್ಲಿ ಗಿಡಗಳನ್ನು ಬೇರುಸಹಿತ ಕಿತ್ತು ಒಣಗಿಸಿ ಸುಡಿ, ಗೊಬ್ಬರ ಗುಂಡಿಗೆ ಹಾಕಬೇಡಿ. ಅದೇ ಏರಿಗೆ ಜೂನ್‌ನಲ್ಲಿ ಮೊಗೆಕಾಯಿ ಬೀಜ ಊರಿ, ಇಲ್ಲವೇ ಹರಿವೆ ಬಿತ್ತಿ. ಟೊಮೆಟೊಗೆ ಮುಂದಿನ ವರ್ಷ ಬೇರೆ ಜಾಗ ಈಗಲೇ ಗುರುತು ಮಾಡಿಡಿ. ಹೊಸ ಬೀಜವನ್ನು ಆಗಸ್ಟ್‌ನಲ್ಲೇ ತರಿಸಿಕೊಳ್ಳಿ, ಚೌತಿಯ ಗಡಿಬಿಡಿಯಲ್ಲಿ ಮರೆತರೆ ನವರಾತ್ರಿ ಬಂದೇಬಿಟ್ಟಿರುತ್ತದೆ.